ಮಾವನ ಹುಟ್ಟುಹಬ್ಬಕ್ಕೆ ಹುಟ್ಟುಡುಗೆ

ಬೇರೆಯವರ ಅತ್ತೆಮಾವಂದಿರು ಅಳಿಯನಿಗೆ ಕ್ರಿಸ್‌ಮಸ್ಸಿಗೆ ಒಂದು ಸ್ವೆಟರೋ ಒಂದು ಜೊತೆ ಕಾಲುಚೀಲವೋ ಕೊಡುತ್ತಾರೆ. ನನ್ನ ಅತ್ತೆಮಾವ ಇಪ್ಪತ್ತೊಂದು ವರ್ಷದಿಂದ, ಮೈಮೇಲೆ ಇರುವುದನ್ನೂ ಬಿಚ್ಚಿಟ್ಟು ಬಾ ಎಂದು ಕರೆಯುತ್ತಿದ್ದರು. ಕೊಡುವ ಅತ್ತೆಮನೆ ಕಂಡಿದ್ದೇನೆ, ಕೊಡದ ಅತ್ತೆಮನೆಯನ್ನೂ ಕಂಡಿದ್ದೇನೆ. ಉಟ್ಟದ್ದನ್ನೇ ಬಿಚ್ಚಿಸುವ ಅತ್ತೆಮನೆ ಸಿಕ್ಕಿದ್ದು ನನ್ನೊಬ್ಬನಿಗೇ ಇರಬೇಕು.

ನನ್ನ ಸಂಕಟ ಅರ್ಥವಾಗಬೇಕಾದರೆ ನನ್ನ ಕಸುಬು ತಿಳಿಯಬೇಕು. ಬವೇರಿಯಾದ ದಕ್ಷಿಣ ತುದಿಯಲ್ಲಿ, ಆಲ್ಪ್ಸ್ ಬೆಟ್ಟದ ಬುಡದಲ್ಲಿರುವ ಊರು ನನ್ನದು. ಮೂರು ತಲೆಮಾರಿನಿಂದ ನಮ್ಮ ಮನೆತನ ಚರ್ಮದ ಚಲ್ಲಣ ಹೊಲಿಯುತ್ತಿದೆ. ಜಿಂಕೆಯ ಚರ್ಮ, ಕೊಂಬಿನ ಗುಂಡಿ, ತೊಡೆಯ ಮೇಲೆ ಓಕ್ ಎಲೆಯ ಕಸೂತಿ. ‘ಹಾಸ್ಲಿಂಗರ್ ಹೊಲಿದ ಚಲ್ಲಣ ಮಗನಿಗೂ ಆಗುತ್ತದೆ, ಮೊಮ್ಮಗನಿಗೂ ಆಗುತ್ತದೆ’ ಎಂದು ನಮ್ಮ ಕಡೆ ಮಾತಿದೆ. ಒಟ್ಟಿನಲ್ಲಿ ಜಗತ್ತಿನ ಮಾನ ಮುಚ್ಚುವುದೇ ನಮ್ಮ ಕುಲಕಸುಬು. ಅಂಥ ವಂಶದ ಕುಡಿಯಾದ ಕೊರ್ಬಿನಿಯನ್ ಹಾಸ್ಲಿಂಗರನಿಗೆ, ಅಂದರೆ ನನಗೆ, ದೇವರು ಗಂಟುಹಾಕಿದ್ದು ಉತ್ತರದ ಬಾಲ್ಟಿಕ್ ಕಡಲತೀರದ ಮಾರಿಟಳನ್ನು.

ಅವಳ ತವರಿನವರು ಪ್ರತಿ ಬೇಸಿಗೆಯಲ್ಲೂ ಕಡಲದಂಡೆಯ ಒಂದು ಶಿಬಿರಕ್ಕೆ ಕಾರಿನ ಹಿಂದೆ ಗಾಲಿಮನೆ ಎಳೆದುಕೊಂಡು ಹೋಗಿ, ಮೈಮೇಲೆ ಒಂದು ಎಳೆ ನೂಲೂ ಇಲ್ಲದೆ ವಾರಗಟ್ಟಲೆ ಇರುತ್ತಾರೆ. ಆ ಸೀಮೆಯಲ್ಲಿ ಇದು ಹೊಸದೂ ಅಲ್ಲ, ಗುಟ್ಟೂ ಅಲ್ಲ. ಸ್ನಾನಕ್ಕಿಳಿಯುವವನು ಬಟ್ಟೆ ಬಿಚ್ಚುವುದರಲ್ಲಿ ಏನು ವಿಶೇಷ ಎಂಬುದು ಅವರ ವಾದ. (ಬಚ್ಚಲಿಗೆ ಬಾಗಿಲಿದೆ, ಸಮುದ್ರಕ್ಕಿಲ್ಲ ಎಂಬುದು ನನ್ನ ವಾದ.)

ಹೀಗೆ ಇಪ್ಪತ್ತೊಂದು ಬೇಸಿಗೆಗಳನ್ನು ನಾನು ನೆಪಗಳ ಬಲದಿಂದಲೇ ದಾಟಿದೆ. ಒಂದು ವರ್ಷ ಸೊಂಟ ಉಳುಕಿತು. ಮರುವರ್ಷ ಬಿಸಿಲು ಮೈಗೆ ಒಗ್ಗದಾಯಿತು. ಆಮೇಲೆ ಹೊಲಿಗೆ ಯಂತ್ರಕ್ಕೆ ಕಾಯಿಲೆ. ಒಂದು ಸಲವಂತೂ ನಮ್ಮೂರ ವಾದ್ಯಮೇಳದಲ್ಲಿ ತಮಟೆ ಬಾರಿಸುವವನಿಗೆ ಮಂಗನಬಾವು ಬಂದಿದೆ, ಅವನ ಜಾಗಕ್ಕೆ ನಾನೇ ನಿಲ್ಲಬೇಕು ಎಂದುಬಿಟ್ಟೆ. ಪ್ರತಿ ವರ್ಷವೂ ಮಾರಿಟ್ ಒಬ್ಬಳೇ ಹೋಗಿ ಮೂರು ದಿನವಿದ್ದು ಬರುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, ತೊಟ್ಟ ಬಟ್ಟೆಯ ಸಮೇತ, ಕೈಬೀಸುತ್ತಿದ್ದೆ.

ಈ ಸುಖಸಂಸಾರಕ್ಕೆ ಹೋದ ವರ್ಷದ ಮೇ ತಿಂಗಳಲ್ಲಿ ಸಿಡಿಲು ಬಡಿಯಿತು.

“ಕೊರ್ಬಿ, ಜುಲೈ ಹತ್ತೊಂಬತ್ತಕ್ಕೆ ಅಪ್ಪಂಗೆ ಎಪ್ಪತ್ತೈದು ತುಂಬತ್ತೆ” ಎಂದಳು ಮಾರಿಟ್, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

“ಒಳ್ಳೇದಾಯ್ತು. ಇಲ್ಲಿಗೇ ಕರ್ಸೋಣ. ಬೆಟ್ಟದ ಗಾಳಿ ಕುಡೀಲಿ.”

“ಊಟ ಶಿಬಿರದಲ್ಲೇ. ಸಭಾಂಗಣ ಗೊತ್ತುಮಾಡಿ ಆಗಿದೆ. ನೀನೂ ಬರ್ತಿದೀಯ.”

“ನನ್ನ ಸೊಂಟ...”

“ನಿನ್ನ ಸೊಂಟ ನಿನ್ನೆ ಎರಡು ಕಟ್ಟು ಚರ್ಮ ಹೊತ್ಕೊಂಡು ಮಹಡಿ ಹತ್ತಿದ್ದನ್ನ ನಾನೇ ನೋಡಿದೀನಿ.”

“ಬಿಸಿಲು ಒಗ್ಗಲ್ಲ ಅಂತ ಡಾಕ್ಟರು ಹೇಳಿದಾರಲ್ಲ.”

“ಯಾವ ಡಾಕ್ಟರು? ದನದ ಡಾಕ್ಟರು ಫೆರ್ಡಲ್ ತಾನೆ?”

ಫೆರ್ಡಲ್ ನನ್ನ ಬಾಲ್ಯಸ್ನೇಹಿತ. ದನದ ಡಾಕ್ಟರೇ ಹೌದು. ಆದರೆ ಅವನ ರೋಗಿಗಳಲ್ಲಿ ಯಾರೂ ಇದುವರೆಗೆ ದೂರು ಹೇಳಿಲ್ಲ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಮಾರಿಟ್ ಬೆಣ್ಣೆಯ ಚಾಕು ಕೆಳಗಿಟ್ಟಳು. ಅವಳು ಚಾಕು ಕೆಳಗಿಟ್ಟರೆ ನಾನು ಬಾಯಿ ಮುಚ್ಚುವುದು ನಮ್ಮ ಮನೆಯ ಅಲಿಖಿತ ಶಾಸನ.

“ಅಪ್ಪ ಏನಂದ್ಕೊಂಡಿದಾರೆ ಗೊತ್ತಾ ನಿಂಗೆ? ಹೋದ ಸಲ ಹೋದಾಗ ನನ್ನ ಪಕ್ಕಕ್ಕೆ ಕರ್ದು ಕೇಳಿದ್ರು. ನಾನು ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸ್ತಿದ್ದವನು, ನಿನ್ನ ಗಂಡ ದಕ್ಷಿಣದ ಅಂಗಡಿ ಯಜಮಾನ, ನಮ್ಮ ಜೊತೆ ಕೂತು ಉಣ್ಣೋಕೆ ಅವನಿಗೆ ಕೀಳು ಅನ್ಸತ್ತೇನಮ್ಮ ಅಂತ.”

ನನ್ನ ಮಾವ ಎಗೊನ್ ಬಂಗಾರದಂಥ ಮನುಷ್ಯ. ಚಳಿಗಾಲದಲ್ಲಿ ನಮ್ಮ ಮನೆಗೆ ಬಂದಾಗ ಇಬ್ಬರೂ ಒಲೆಯ ಬಳಿ ಕೂತು ಇಸ್ಪೀಟು ಆಡುತ್ತೇವೆ. ಬೇಕೆಂದೇ ನನಗೆ ಸೋಲುತ್ತಾರೆ ಎಂಬ ಗುಮಾನಿ ನನಗಿದೆ.

“ನೀನೇನು ಹೇಳ್ದೆ?”

“ಸೊಂಟ ನೋವು ಅಂದೆ. ಇನ್ನೇನು ಹೇಳ್ಲಿ? ಇನ್ನು ಈ ಸುಳ್ಳು ಹೊರೋಕೆ ನನ್ನ ಕೈಲಾಗಲ್ಲ ಕೊರ್ಬಿ. ಒಂದೇ ಒಂದು ದಿನ. ಶನಿವಾರ ಹೋಗೋದು, ಭಾನುವಾರ ಬೆಳಿಗ್ಗೆ ಗಾಡಿ ಹತ್ತೋದು. ಅಷ್ಟೇ.”

ಒಪ್ಪಿದೆ. ಒಪ್ಪಿದವನು ನೇರವಾಗಿ ಹೋದದ್ದು ಫೆರ್ಡಲ್ ಹತ್ತಿರ. ಚೆಸ್ಟ್‌ನಟ್ ಮರದ ಕೆಳಗೆ ಬಿಯರ್ ತುಂಬಿದ ದೊಡ್ಡ ಲೋಟವನ್ನು ಎದುರಿಗಿಟ್ಟುಕೊಂಡು ಅವನು ನನ್ನ ಸಮಸ್ಯೆಯನ್ನು ಗಬ್ಬದ ಹಸುವನ್ನು ಕೇಳುವಷ್ಟು ಗಂಭೀರವಾಗಿ ಕೇಳಿದ.

“ಮೊದಲ್ನೇದಾಗಿ,” ಎಂದ, “ಅಲ್ಲಿ ಬರೋರೆಲ್ಲ ಅಮೃತಶಿಲೆ ವಿಗ್ರಹ ಇದ್ದಹಾಗಿರ್ತಾರೆ. ನಿನ್ನಂಥೋರನ್ನ ಗೇಟಲ್ಲೇ ನೋಡಿ ವಾಪಸ್ ಕಳಿಸ್ತಾರೆ.”

“ನನ್ನ ಮಾವನಿಗೆ ಎಪ್ಪತ್ತೈದು ಕಣೋ.”

“ಅವ್ರು ಹಳೇ ಸದಸ್ಯರು. ವಿನಾಯಿತಿ ಇರತ್ತೆ. ಎರಡ್ನೇದು, ಅಲ್ಲಿ ಬೆಳಗಿಂದ ಸಂಜೆವರ್ಗೂ ಎಲ್ಲರೂ ಎಲ್ಲರನ್ನೂ ನೋಡೋದೇ ಕೆಲಸ. ಇಲ್ದಿದ್ರೆ ಯಾಕ್ ಹೋಗ್ತಾರೆ ಹೇಳು. ಮೂರ್ನೇದು...” ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಮರಳುದಿಣ್ಣೆ ಹಿಂದೆ.”

“ಏನು ಮರಳುದಿಣ್ಣೆ ಹಿಂದೆ?”

“ಅದನ್ನೆಲ್ಲ ಬಾಯಿಬಿಟ್ಟು ಹೇಳಕ್ಕಾಗತ್ತಾ?”

“ನೀನು ಯಾವಾಗ್ಲಾದ್ರೂ ಹೋಗಿದೀಯಾ?”

“ನಾನ್ಯಾಕೆ ಹೋಗ್ಲಿ? ಮರ್ಯಾದಸ್ಥ.”

(ನಾಲ್ಕನೆಯ ಭಯವೂ ಒಂದಿತ್ತು. ದೇಹ ಯಜಮಾನನ ಅಂಕೆ ಮೀರಿದರೆ ಏನು ಗತಿ ಎಂಬುದು. ಅದಕ್ಕೆ ಫೆರ್ಡಲ್ ಕೊಟ್ಟ ಔಷಧ, ಹಲ್ಲು ಕೀಳಿಸಿಕೊಂಡ ದಿನವನ್ನು ನೆನೆಸಿಕೋ ಎಂದು. ಬಾಲ್ಟಿಕ್ ಸಮುದ್ರದ ನೀರಿಗೆ ಕಾಲಿಟ್ಟ ಯಾವ ಗಂಡಸಿಗೂ ಈ ಔಷಧ ಬೇಕಾಗುವುದಿಲ್ಲ ಎಂದು ಅನುಭವದಿಂದ ಹೇಳಬಲ್ಲೆ.)

ಅಂದಿನಿಂದ ನನ್ನ ತಪಸ್ಸು ಶುರುವಾಯಿತು. ಆರು ವಾರ ಎಲೆಕೋಸಿನ ಸೂಪು. ನಾನು ಇಳಿಸಿದ್ದು ಎರಡು ಕಿಲೋ. ಅದೂ ತೂಕ ನೋಡುವಾಗ ಕನ್ನಡಕ ತೆಗೆದಿಟ್ಟಿದ್ದೆ. ಇನ್ನೊಂದು ತೊಡಕು ಬಣ್ಣದ್ದು. ಅಂಗಡಿಯಲ್ಲೇ ಬದುಕು ಸವೆಸಿದ ನನಗೆ ಮುಖ, ಮುಂಗೈ, ಮೊಣಕಾಲು ಇಷ್ಟು ಮಾತ್ರ ಕಂದು. ಉಳಿದದ್ದೆಲ್ಲ ಸಿಪ್ಪೆ ಸುಲಿದ ಮೂಲಂಗಿ. ಬಿಚ್ಚಿದರೂ ಬಿಳಿಯ ಚಲ್ಲಣ ತೊಟ್ಟಂತೆಯೇ ಕಾಣುತ್ತಿದ್ದೆ. ಅದಕ್ಕೆ ಪಕ್ಕದೂರಿನ ಔಷಧಿ ಅಂಗಡಿಯಿಂದ (ನಮ್ಮೂರಿನದರಲ್ಲಿ ಕೊಂಡರೆ ಪಾದ್ರಿಗಳಿಗೆ ಗೊತ್ತಾಗುತ್ತದೆ) ಬಿಸಿಲಿಲ್ಲದೆಯೇ ಮೈ ಕಂದಾಗಿಸುವ ಲೇಪವೊಂದನ್ನು ತಂದೆ. ಹೊರಡುವ ಹಿಂದಿನ ದಿನ ಬಚ್ಚಲ ಬಾಗಿಲು ಹಾಕಿಕೊಂಡು ಬಳಿದುಕೊಂಡೆ. ಬೆನ್ನಿಗೆ ಕೈ ಎಟುಕದೆ ಅಂಗಡಿಯ ಅಳತೆಕೋಲಿನ ತುದಿಗೆ ಚಿಂದಿ ಕಟ್ಟಿ ಸುಣ್ಣ ಹೊಡೆದ ಹಾಗೆ ಹೊಡೆದೆ.

ಎರಡು ಗಂಟೆ ಕಳೆದು ಕನ್ನಡಿ ನೋಡಿದರೆ ಕ್ಯಾರೆಟ್ಟು. ಬೆನ್ನ ಮೇಲೆ ಪಟ್ಟೆಪಟ್ಟೆ.

“ಕೊರ್ಬಿ, ಒಳಗೇನು ಮಾಡ್ತಿದೀಯ? ಬಾಗಿಲು ತೆಗಿ.”

ತೆಗೆದೆ. ಮಾರಿಟ್ ನನ್ನನ್ನು ಮೇಲಿಂದ ಕೆಳಗೆ, ಆಮೇಲೆ ಒಂದು ಸುತ್ತು ಸುತ್ತಿ ನೋಡಿದಳು.

“ಇದೇನಿದು, ತುಕ್ಕು ಹಿಡಿದಿದೀಯಾ?”

“ಯಾರೂ ನನ್ನನ್ನೇ ನೋಡ್ಬಾರ್ದು ಅಂತ ಹೀಗೆ ಮಾಡ್ಕೊಂಡೆ.”

“ಇನ್ನು ಹಡಗಿನೋರೂ ನೋಡ್ತಾರೆ” ಎಂದವಳು ಉಜ್ಜುವ ಬ್ರಷ್ಷು ತರಲು ಹೋದಳು. ಅದು ಹೋಗುವ ಬಣ್ಣವಾಗಿರಲಿಲ್ಲ.

ದೇಶದ ಕೆಳತುದಿಯಿಂದ ಮೇಲ್ತುದಿಗೆ ಹನ್ನೊಂದು ಗಂಟೆಯ ದಾರಿ. ಇರುಳೆಲ್ಲ ಸರದಿಯಲ್ಲಿ ಗಾಡಿ ಓಡಿಸಿ, ಬೆಳಗಿನ ಹತ್ತಕ್ಕೆ ಶಿಬಿರದ ಗೇಟು ಮುಟ್ಟಿದೆವು. ನಾನು ಉದ್ದ ಪ್ಯಾಂಟು, ಅಂಗಿ, ಅದರ ಮೇಲೆ ಉಣ್ಣೆಯ ಕೋಟು ಧರಿಸಿದ್ದೆ. ಬಿಚ್ಚುವ ಘಳಿಗೆಯನ್ನು ಎಷ್ಟು ಗುಂಡಿಗಳಷ್ಟು ದೂರ ತಳ್ಳಬಹುದೋ ಅಷ್ಟು ತಳ್ಳುವುದು ನನ್ನ ಯೋಜನೆ.

ಗೇಟಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಗಂಡಸು ನಿಂತಿದ್ದ. ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ, ಕೊರಳಲ್ಲಿ ಸೀಟಿ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದ. ಉಡುಪಿನ ಪಟ್ಟಿ ಇಲ್ಲಿಗೆ ಮುಗಿಯಿತು.

“ಇಲ್ಲಿ ಯಾರಿಗೂ ನೀವು ತಾವು ಅನ್ನೋ ಪದ್ಧತಿ ಇಲ್ಲ. ನಾನು ಲೋಥಾರ್, ನಿಯಮ ಸಮಿತಿ ಅಧ್ಯಕ್ಷ. ನೀನು ಎಗೊನ್ ಅಳಿಯ. ಸೊಂಟ ಹೇಗಿದೆ?”

“ಪರವಾಗಿಲ್ಲ” ಎಂದೆ, ಚಾವಣಿಯ ಕಡೆ ನೋಡುತ್ತ. ಅಲ್ಲಿ ಚಾವಣಿ ಇರಲಿಲ್ಲ, ಆಕಾಶವಿತ್ತು.

ಬಟ್ಟೆಯಿಲ್ಲದವರಿಗೆ ಕಟ್ಟುಪಾಡೂ ಇರುವುದಿಲ್ಲ ಎಂದುಕೊಂಡಿದ್ದೆ. ಲೋಥಾರ್ ಇಪ್ಪತ್ತಾರು ನಿಯಮ ಓದಿದ. ಎಲ್ಲಿ ಕೂರುವುದಿದ್ದರೂ ಕೆಳಗೆ ನಿನ್ನದೇ ಟವೆಲ್ ಹಾಸಬೇಕು. ಕ್ಯಾಮೆರಾ ತೆಗೆಯಬಾರದು. ಒಂದರಿಂದ ಮೂರರವರೆಗೆ ಸದ್ದು ಮಾಡಬಾರದು. ಕಸವನ್ನು ನಾಲ್ಕು ಬಣ್ಣದ ತೊಟ್ಟಿಗಳಲ್ಲಿ ವಿಂಗಡಿಸಬೇಕು. ಮೊಸರಿನ ಡಬ್ಬಿಯಾದರೆ ಮುಚ್ಚಳ ಬೇರೆ, ಡಬ್ಬಿ ಬೇರೆ. ಹತ್ತನೆಯ ನಿಯಮದ ಹೊತ್ತಿಗೆ ಅವನು ಬತ್ತಲೆ ಎಂಬುದು ನನಗೆ ಮರೆತೇಹೋಯಿತು. ಹದಿನೈದರ ಹೊತ್ತಿಗೆ ಆಕಳಿಕೆ ಬಂತು. ಉಳಿದವು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋದವು. ಇದಕ್ಕೆ ಮುಂದೆ ದಂಡ ತೆತ್ತೆ.

ಒಳಗೆ ಅಮೃತಶಿಲೆಯ ವಿಗ್ರಹಗಳಿಗಾಗಿ ಹುಡುಕಿದೆ. ಮೊದಲು ಕಂಡವರು ಗಾಲಿಮನೆಯ ನೆರಳಲ್ಲಿ ಪೇಪರು ಓದುತ್ತಿದ್ದ ಒಬ್ಬ ಅಜ್ಜ. ಆಮೇಲೆ ಬಟಾಣಿ ಬಿಡಿಸುತ್ತಿದ್ದ ಇಬ್ಬರು ಹೆಂಗಸರು. ಒಬ್ಬರ ಮಂಡಿಯ ಶಸ್ತ್ರಚಿಕಿತ್ಸೆಯ ಗಾಯ ಇನ್ನೊಬ್ಬರ ಮಂಡಿಯದಕ್ಕಿಂತ ನೇರವಾಗಿದೆಯೇ ಎಂಬುದು ಅವರ ಮಾತು. ಹೊಟ್ಟೆಗಳಿದ್ದವು, ನನ್ನದಕ್ಕಿಂತ ಹಿರಿಯವು. ಮಡಿಕೆಗಳಿದ್ದವು, ಹೊಲಿಗೆಗಳಿದ್ದವು, ಜೋತುಬಿದ್ದವುಗಳಿದ್ದವು. ವರ್ಷವೆಲ್ಲ ಅಳತೆಪಟ್ಟಿ ಹಿಡಿದು ಜನರ ಸೊಂಟ ಸುತ್ತುವ ನನಗೆ ಇವರೆಲ್ಲ ಪರಿಚಿತರೇ ಅನ್ನಿಸಿತು. ನಮ್ಮೂರ ಗಿರಾಕಿಗಳೇ, ಗುಂಡಿ ಮಾತ್ರ ಇಲ್ಲ.

ಮರಳುದಿಣ್ಣೆಯ ಹಿಂದೆ ದೊಡ್ಡ ಗದ್ದಲ ಕೇಳಿಸಿತು. ಫೆರ್ಡಲ್‌ನ ಸಲುವಾಗಿ ಇಣುಕಿ ನೋಡಿದೆ. ನಾಲ್ಕು ಜನ ಮುದುಕರು ಕಬ್ಬಿಣದ ಗುಂಡು ಎಸೆಯುವ ಆಟದಲ್ಲಿ ಯಾರ ಗುಂಡು ಹತ್ತಿರ ಎಂದು ದಾರ ಹಿಡಿದು ಜಗಳವಾಡುತ್ತಿದ್ದರು.

ಅಷ್ಟರಲ್ಲಿ ದಂಡೆಯ ಮೇಲಿನ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಒಬ್ಬ ಅಜ್ಜಿ ಟವೆಲನ್ನು ಎದೆಗೆಳೆದುಕೊಂಡು ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು.

“ಆ ಕೋಟು ಹಾಕ್ಕೊಂಡೋನು ಯಾರು ನೋಡ್ರೇ. ಪೂರಾ ಬಟ್ಟೆ ಹಾಕ್ಕೊಂಡು ದಿಣ್ಣೆ ಹಿಂದೆ ಇಣುಕ್ತಾನೆ. ನಾಚ್ಕೆ ಬೇಡ್ವಾ?”

ಐವತ್ತೆರಡು ವರ್ಷ ಮಾನವಾಗಿ ಬಾಳಿದ ನನಗೆ, ಬಟ್ಟೆ ಹಾಕಿಕೊಂಡ ತಪ್ಪಿಗೆ, ಪೋಲಿ ಎಂಬ ಪಟ್ಟ ಬಂತು. ಕೋಟು ಬಿಚ್ಚಿದೆ. ಸಾಲಲಿಲ್ಲ. ಅಂಗಿ ಬಿಚ್ಚಿದೆ. ಕಣ್ಣುಮುಚ್ಚಿ, ಹಲ್ಲು ಕೀಳಿಸಿಕೊಂಡ ದಿನವನ್ನು ನೆನೆಸಿಕೊಂಡು, ಉಳಿದದ್ದನ್ನೂ ಬಿಚ್ಚಿದೆ. ಕಣ್ಣುಬಿಟ್ಟಾಗ ಎಲ್ಲರೂ ಮತ್ತೆ ಪೇಪರು ಓದುತ್ತಿದ್ದರು.

ನನ್ನ ಬಳಿಗೆ ಬಂದವರು ಒಬ್ಬರೇ. ನಿವೃತ್ತ ನರ್ಸ್ ಅಂತೆ. ಕಣ್ಣಿನ ರೆಪ್ಪೆ ಎಳೆದು ನೋಡಿ, “ಲಿವರ್ ಪರೀಕ್ಷೆ ಮಾಡಿಸ್ಕೋ ಮಗಾ, ಕಾಮಾಲೆ ಇದ್ದಹಾಗಿದೆ” ಎಂದರು. ಲೇಪದ ಕಥೆ ಹೇಳಿದೆ. ನಿಂಬೆಹಣ್ಣು ಉಜ್ಜು ಎಂದು ಹೇಳಿ ಹೋದರು. ಅಲ್ಲಿಗೆ ನನ್ನ ನಗ್ನತೆಯ ಮೇಲಿನ ಸಾರ್ವಜನಿಕ ಚರ್ಚೆ ಮುಗಿಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಬೇಸರವೇ ಆಯಿತು. ಆರು ವಾರ ಎಲೆಕೋಸು ಕುಡಿದಿದ್ದೇನೆ, ಒಬ್ಬರಾದರೂ ನೋಡಬಾರದೆ?

ಮಾವ ನೀರಿನೊಳಗಿಂದ ಕೈಬೀಸಿದರು. ಓಡಿಹೋಗಿ ಬಿದ್ದೆ. ನೀರು ಮಂಜುಗಡ್ಡೆಯ ತಮ್ಮ. ಉಸಿರು ನಿಂತು, ಮತ್ತೆ ಬಂದು, ಆಮೇಲೆ ಇದ್ದಕ್ಕಿದ್ದಂತೆ ಮೈಯೆಲ್ಲ ಹಗುರಾಯಿತು. ಒದ್ದೆ ಚಡ್ಡಿ ತೊಡೆಗೆ ಅಂಟುವುದಿಲ್ಲ, ಎಲ್ಲೂ ದಾರ ಬಿಗಿಯುವುದಿಲ್ಲ. ದೇವರು ಹೊಲಿದ ಬಟ್ಟೆಗೆ ತಿದ್ದುಪಡಿಯೇ ಬೇಕಿರಲಿಲ್ಲ ಎಂದು ವೃತ್ತಿಧರ್ಮ ಮರೆತು ಒಪ್ಪಿಕೊಂಡೆ.

ಕುತ್ತಿಗೆಮಟ್ಟದ ನೀರಿನಲ್ಲಿ ಇಬ್ಬರೂ ನಿಂತೆವು.

“ಇಪ್ಪತ್ತೊಂದು ವರ್ಷ ಆಯ್ತು ಕೊರ್ಬಿ. ನಮ್ಮ ಗಾಲಿಮನೆ ಚಿಕ್ಕದು, ನಿಮ್ಮ ಮನೆ ಥರ ಇಲ್ಲ. ಅದಕ್ಕೇ ಬರ್ತಿಲ್ಲ ಅಂದ್ಕೊಂಡಿದ್ದೆ. ತಪ್ಪೇನಿಲ್ಲ ಬಿಡು.”

“ಅದಲ್ಲ ಮಾವ.”

“ಮತ್ತೆ?”

ನೆಪಗಳೆಲ್ಲ ನಾಲಗೆಯ ತುದಿಗೆ ಬಂದವು. ಆದರೆ ಮೈಮೇಲೆ ಏನೂ ಇಲ್ಲದವನಿಗೆ ಸುಳ್ಳು ಬಚ್ಚಿಡಲು ಜೇಬಾದರೂ ಎಲ್ಲಿ?

“ನನಗೆ ಹೊಟ್ಟೆ ಇದೆ ಮಾವ” ಎಂದೆ. “ಜನ ನೋಡಿ ನಗ್ತಾರೆ ಅಂತ ಹೆದರಿಕೆ. ಸೊಂಟ ಯಾವತ್ತೂ ನೋಯ್ಲಿಲ್ಲ.”

ಮಾವ ನನ್ನನ್ನು ನೋಡಿದರು. ಆಮೇಲೆ ನಕ್ಕರು. ಬಾಯಿಗೆ ಉಪ್ಪುನೀರು ಹೋಗಿ ಕೆಮ್ಮುವಷ್ಟು ನಕ್ಕರು. ಕೆಮ್ಮು ನಿಂತ ಮೇಲೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅದರಲ್ಲಿ ಎಷ್ಟು ಸಮುದ್ರದ ನೀರು, ಎಷ್ಟು ಅವರದು ಎಂದು ನಾನು ಕೇಳಲಿಲ್ಲ.

“ಹೊಟ್ಟೇನಾ? ನಾನು ನಿನ್ನ ದೊಡ್ಡಸ್ತಿಕೆ ಅಂದ್ಕೊಂಡಿದ್ನಲ್ಲೋ.”

“ದೊಡ್ಡದೇ ಮಾವ. ಆದ್ರೆ ಬರೀ ಹೊಟ್ಟೆ.”

ಆ ಮಧ್ಯಾಹ್ನದೊಳಗೆ ನಾನು ಹೊಸದಾಗಿ ದೀಕ್ಷೆ ತೆಗೆದುಕೊಂಡವನಾದೆ. ಹೊಸ ಭಕ್ತನ ಉತ್ಸಾಹ ಹಳೆಯ ಪೂಜಾರಿಗೆ ಇರುವುದಿಲ್ಲ. ಗುಂಡಿನಾಟದಲ್ಲಿ ಜಗಳವಾಡಿದೆ, ಮೊಸರಿನ ಡಬ್ಬಿಯ ಮುಚ್ಚಳ ಬೇರೆ ಮಾಡಿದೆ, ಕೋಟು ಹಾಕಿಕೊಂಡು ಬಂದ ಅಂಚೆಯವನನ್ನು ಕನಿಕರದಿಂದ ನೋಡಿದೆ. ಅತ್ತೆ ಗೀಜೆಲಾ ಅವರ ಗಾಲಿಮನೆಯ ಮುಂದೆ ಮಾತ್ರ ಒಂದು ಅಚ್ಚರಿ ಕಂಡೆ. ಮಾರಿಟ್ ಸೊಂಟಕ್ಕೊಂದು ಏಪ್ರನ್ ಕಟ್ಟಿಕೊಂಡು ಆಲೂಗಡ್ಡೆಯ ರಾಶಿಯ ಮುಂದೆ ಕೂತಿದ್ದಳು. ಬೆಳಿಗ್ಗೆಯಿಂದ ಅವಳಿಗೆ ನೀರು ಮುಟ್ಟಲು ಬಿಡುವಾಗಿರಲಿಲ್ಲ. ಅತ್ತೆ ಪಕ್ಕದಲ್ಲಿ ನಿಂತು, “ಸಿಪ್ಪೆ ದಪ್ಪ ಆಯ್ತು. ನಿನ್ನ ವಯಸ್ಸಲ್ಲಿ ನಾನು ಇಷ್ಟು ಹೊತ್ತಿಗೆ ಎರಡು ಬಕೆಟ್ ಮುಗಿಸ್ತಿದ್ದೆ” ಎನ್ನುತ್ತಿದ್ದರು. ತಾಯಿಮಗಳ ಮಧ್ಯೆ ನಾನೇಕೆ ಎಂದು ಮತ್ತೆ ಸಮುದ್ರಕ್ಕೆ ಓಡಿದೆ.

ಸಂಜೆ ಐದೂವರೆಗೆ ಮಾರಿಟ್ ಸಭಾಂಗಣಕ್ಕೆ ಹೊರಟಳು. “ಆರಕ್ಕೆ ಬಾ. ಚೆನ್ನಾಗಿ ತಯಾರಾಗಿ ಬಾ” ಎಂದು ಗಾಲಿಮನೆಯ ಹೊರಗಿನಿಂದಲೇ ಕೂಗಿ ಹೇಳಿದಳು. ನಾನು ಚೆನ್ನಾಗಿಯೇ ತಯಾರಾದೆ. ಗಡ್ಡ ಹೆರೆದೆ, ತಲೆ ಬಾಚಿದೆ, ಉಗುರು ಕತ್ತರಿಸಿದೆ, ಒಗೆದ ಟವೆಲ್ ಮಡಿಸಿ ಹೆಗಲಿಗೆ ಹಾಕಿದೆ. ಹುಟ್ಟುಹಬ್ಬಕ್ಕೆ ಹುಟ್ಟುಡುಗೆಗಿಂತ ಯೋಗ್ಯವಾದದ್ದು ಯಾವುದು? ಮಾವನಿಗೆಂದು ಎರಡು ತಿಂಗಳು ಕೂತು ಹೊಲಿದ ಜಿಂಕೆಚರ್ಮದ ಚಲ್ಲಣದ ಪೆಟ್ಟಿಗೆ ಬಗಲಲ್ಲಿತ್ತು. ಹಾಡು ಗುನುಗುತ್ತ ಕಾಲು ಗಂಟೆ ತಡವಾಗಿ ಹೋಗಿ ಬಾಗಿಲು ತೆರೆದೆ.

ಅರವತ್ತು ಜನ. ಅರವತ್ತೂ ಜನ ಸೂಟಿನಲ್ಲಿ, ಟೈಯಲ್ಲಿ, ಹೂವಿನ ಉದ್ದಂಗಿಯಲ್ಲಿ. ಬೆಳಿಗ್ಗೆ ಮಂಡಿ ತೋರಿಸುತ್ತಿದ್ದ ಹೆಂಗಸಿನ ಕೊರಳಲ್ಲಿ ಮುತ್ತಿನ ಸರ. ಪಕ್ಕದ ಊರಿನ ಮೇಯರು ವೇದಿಕೆಯ ಮೇಲೆ ಕಾಗದ ಹಿಡಿದು ಭಾಷಣದ ನಡುವೆ ನಿಂತಿದ್ದರು. ನಿಂತೇಬಿಟ್ಟರು. ಮೂರೂ ಬಿಟ್ಟವನು ಊರಿಗೆ ದೊಡ್ಡವನು ಎನ್ನುತ್ತಾರೆ. ಆ ಘಳಿಗೆಯಲ್ಲಿ ಆ ಊರಿಗೆ ನನಗಿಂತ ದೊಡ್ಡವನಿರಲಿಲ್ಲ. ಪೆಟ್ಟಿಗೆಯನ್ನು ಮುಂದಕ್ಕೆ ಹಿಡಿದೆ.

ಮೂರು ತುಂಡಿನ ಸೂಟು ತೊಟ್ಟ ಒಬ್ಬ ಗಂಭೀರ ವ್ಯಕ್ತಿ ನನ್ನ ಬಳಿಗೆ ಬಂದ. ಲೋಥಾರ್ ಎಂದು ಗುರುತು ಹಚ್ಚಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು.

“ಹಾಸ್ಲಿಂಗರ್ ಅವರೇ,” ಎಂದ, “ನಿಯಮ ಇಪ್ಪತ್ತೆರಡು. ಸಂಜೆ ಆರರ ಮೇಲೆ ಸಭಾಂಗಣದಲ್ಲಿ ಮರ್ಯಾದೆಯ ಉಡುಪು. ನಾನು ತಮಗೆ ಓದಿ ಹೇಳಿದ್ದೆ.”

ಬೆಳಿಗ್ಗೆ ‘ನೀನು’ ಎಂದವನ ಬಾಯಲ್ಲಿ ಈಗ ‘ತಾವು’. ಅದು ನನ್ನನ್ನು ಇನ್ನೂ ಒಂದು ಪದರ ಬತ್ತಲಾಗಿಸಿತು.

“ಸಮುದ್ರಕ್ಕೆ ಬತ್ತಲೆ ಹೋಗ್ತಾರೆ ಕೊರ್ಬಿ” ಎಂದರು ಅತ್ತೆ ದೂರದ ಮೇಜಿನಿಂದ. “ಊಟಕ್ಕೆ ಯಾರಾದ್ರೂ ಹೀಗ್ ಬರ್ತಾರಾ? ನಿಮ್ಮ ಕಡೆ ಇದೇನಾ ರೂಢಿ?”

ಮಾರಿಟ್ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡಿದ್ದಳು. ಹಿಂದಿನ ಸಾಲಿನ ಯಾರೋ ಪುಣ್ಯಾತ್ಮರು ವಾತಾವರಣ ತಿಳಿಯಾಗಲೆಂದು, “ಉಡುಗೊರೆ ಕೊಡ್ಲಿ, ಉಡುಗೊರೆ ಕೊಡ್ಲಿ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಉಡುಗೊರೆ ಯಾವುದು, ಅದು ಆಗ ಏನು ಕೆಲಸ ಮಾಡುತ್ತಿತ್ತು ಎಂಬುದನ್ನು ಓದುಗರು ನೆನಪಿಡಬೇಕು.

ಮಾವ ಎದ್ದುಬಂದರು. ಕಡುನೀಲಿ ಸೂಟು, ಇಸ್ತ್ರಿಯ ಗೆರೆ ಚಾಕುವಿನಂತಿತ್ತು. ನನ್ನ ಮುಖ ನೋಡಿದರು. ಪೆಟ್ಟಿಗೆ ನೋಡಿದರು. ಪೆಟ್ಟಿಗೆಗೆ ಕೈಹಾಕಲಿಲ್ಲ. ತಮ್ಮ ಟೈಗೆ ಕೈಹಾಕಿದರು.

“ಈ ಟೈ ಸಂಜೆಯಿಂದ ಕತ್ತು ಹಿಸುಕ್ತಾ ಇದೆ” ಎಂದು ಅದನ್ನು ಕಳಚಿ ಕುರ್ಚಿಯ ಮೇಲೆ ಹಾಕಿದರು. ಆಮೇಲೆ ಕೋಟು. ಆಮೇಲೆ ಅಂಗಿಯ ಮೊದಲ ಗುಂಡಿ.

“ಎಗೊನ್,” ಎಂದರು ಅತ್ತೆ, “ಆ ಅಂಗಿ ಬೆಳಿಗ್ಗೆ ತಾನೆ ಇಸ್ತ್ರಿ ಮಾಡಿದೀನಿ.”

“ಮಡಿಸಿಡ್ತೀನಿ ಬಿಡೇ.”

ಒಂದೊಂದನ್ನೂ ನಿಧಾನವಾಗಿ ಬಿಚ್ಚಿ, ಮಡಿಸಿ, ಒಂದರ ಮೇಲೊಂದು ಜೋಡಿಸಿದರು. ನನ್ನ ಹೆಗಲ ಟವೆಲನ್ನು ತೆಗೆದು ಬೆಂಚಿನ ಮೇಲೆ ಉದ್ದಕ್ಕೆ ಹಾಸಿದರು. “ಇಬ್ಬರಿಗೂ ಸಾಕು, ಕೂತ್ಕೋ” ಎಂದರು.

ಮಂಡಿ ತೋರಿಸುತ್ತಿದ್ದಾಕೆ ಮುತ್ತಿನ ಸರ ಬಿಟ್ಟು ಉಳಿದದ್ದನ್ನು ಬಿಚ್ಚಿದರು. ಗುಂಡಿನಾಟದ ನಾಲ್ವರೂ ಸೂಟು ಬಿಚ್ಚಿ ನಿರಾಳರಾದರು. ಹತ್ತು ನಿಮಿಷದಲ್ಲಿ ಸಭಾಂಗಣದ ಕುರ್ಚಿಗಳೆಲ್ಲ ನಮ್ಮ ಅಂಗಡಿಯ ಹಾಗೆ ಕಂಡವು. ಲೋಥಾರ್ ಮಾತ್ರ ಬೆವರುತ್ತ ನಿಂತಿದ್ದ. ಮೂಲೆಯಲ್ಲಿ ಸಮಿತಿಯ ಇನ್ನಿಬ್ಬರನ್ನು ಸೇರಿಸಿ, ಎಪ್ಪತ್ತೈದು ತುಂಬಿದವರ ಹುಟ್ಟುಹಬ್ಬಕ್ಕೆ ಇಪ್ಪತ್ತೆರಡನೆಯ ನಿಯಮ ಅನ್ವಯಿಸುವುದಿಲ್ಲ ಎಂದು ತಿದ್ದುಪಡಿ ಮಾಡಿ, ಸಹಿ ಹಾಕಿಸಿಕೊಂಡು, ಆಮೇಲೆಯೇ ಮೊದಲ ಗುಂಡಿ ಬಿಚ್ಚಿದ. ಮೇಯರು ಕೋಟಿನಲ್ಲೇ ಭಾಷಣ ಮುಗಿಸಿ, ಆಗಾಗ ಕಾಗದದಿಂದ ಗಾಳಿ ಹಾಕಿಕೊಂಡರು. ಪಾಪ, ಇಡೀ ಸಭೆ ಅವರನ್ನೇ ನೋಡುತ್ತಿತ್ತು.

ಕೊನೆಯಲ್ಲಿ ನನ್ನನ್ನು ಮಾತಾಡು ಎಂದರು. ಎರಡು ಲೋಟ ಬಿಯರ್ ಒಳಗಿತ್ತು. ಪಕ್ಕದಲ್ಲಿ ನನ್ನ ಮಾವ, ಚಲ್ಲಣದ ಮೇಲಿನ ಕಸೂತಿಯನ್ನು ಬೆರಳಿನಿಂದ ಸವರುತ್ತಿದ್ದರು. ನನ್ನ ಎದೆ ತುಂಬಿಬಂತು. ಎದ್ದು ನಿಂತು ಹೇಳಿಬಿಟ್ಟೆ.

“ಇಪ್ಪತ್ತೊಂದು ವರ್ಷ ನಾನು ಕಳ್ಕೊಂಡಿದೀನಿ. ಅದನ್ನ ತುಂಬಿಸ್ಬೇಕು. ಮುಂದಿನ ವರ್ಷ ನಾನು, ಮಾರಿಟ್ ಇಬ್ಬರೂ ಮೂರು ವಾರ ಪೂರ್ತಿ ಇಲ್ಲೇ ಇರ್ತೀವಿ.”

ಸಭೆ ಮೇಜು ಕುಟ್ಟಿತು. ಮಾವ ನನ್ನನ್ನು ತಬ್ಬಿಕೊಂಡರು. ಅತ್ತೆ ಆಗಲೇ ತಮ್ಮ ಗಾಲಿಮನೆಯ ಪಕ್ಕದ ಜಾಗ ಖಾಲಿ ಇದೆಯೇ ಎಂದು ಲೋಥಾರ್‌ನನ್ನು ಕೇಳುತ್ತಿದ್ದರು. ಮಾರಿಟ್ ಮಾತ್ರ ಮೇಜು ಕುಟ್ಟಲಿಲ್ಲ. ಅವಳ ಕೈಯ ಮುಳ್ಳುಚಮಚ ಬಾಯಿಗೂ ತಟ್ಟೆಗೂ ನಡುವೆ ನಿಂತಿತ್ತು. ಆನಂದದಿಂದ ಮೂಕಳಾಗಿದ್ದಾಳೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಗಾಡಿ ಹೆದ್ದಾರಿಗೆ ಬರುವವರೆಗೂ ಅವಳು ಮಾತಾಡಲಿಲ್ಲ.

“ಯಾಕೆ ಮಾರಿಟ್? ನಿನ್ನೆ ನಾನು ಹಾಗೆ ಬಂದಿದ್ದಕ್ಕೆ ಅವಮಾನ ಆಯ್ತಾ?”

“ಅದಾ? ಅದು ಹಾಳಾಗ್ಲಿ. ಮೂರು ವಾರ ಅಂದ್ಯಲ್ಲ, ಯಾರನ್ನ ಕೇಳಿ ಅಂದೆ?”

“ನಿಂಗೆ ಖುಷಿಯಾಗತ್ತೆ ಅಂತ. ನಿನ್ನ ತವರಲ್ವಾ? ಚಿಕ್ಕಂದಿನಿಂದ ನಿಂಗಿಷ್ಟ...”

“ಸಮುದ್ರ ಇಷ್ಟ. ನಿನ್ನೆ ನಾನು ಸಮುದ್ರಕ್ಕೆ ಹೋಗಿದ್ದು ನೋಡಿದ್ಯಾ? ಹನ್ನೆರಡು ಕಿಲೋ ಆಲೂಗಡ್ಡೆ ಸುಲಿದೆ. ಅಮ್ಮನ ಜೊತೆ ಮೂರು ದಿನಕ್ಕಿಂತ ಹೆಚ್ಚು ಇದ್ರೆ ನಂಗೆ ಹುಚ್ಚು ಹಿಡಿಯತ್ತೆ ಕೊರ್ಬಿ. ನಾಲ್ಕ್ನೇ ದಿನ ಬೆಳಿಗ್ಗೆ ಪ್ರತಿ ವರ್ಷ ಏನು ಹೇಳಿ ಬರ್ತಿದ್ದೆ ಗೊತ್ತಾ? ಅಲ್ಲಿ ನನ್ನ ಗಂಡ ಒಬ್ಬನೇ ಇದಾನೆ, ಸೊಂಟ ನೋವು ಅಂತ.”

ನಾನು ಗೇರು ಬದಲಿಸಿದೆ.

“ಅಪ್ಪನ ಸಮಾಧಾನಕ್ಕೆ ಒಂದು ದಿನ ಬಾ ಅಂದೆ. ಸಂಜೆಯೊಳಗೆ ಓಡಿಹೋಗೋಣ ಅಂತೀಯ ಅಂದ್ಕೊಂಡಿದ್ದೆ. ನೀನು ನೋಡಿದ್ರೆ ಮೀನಿನ ಹಾಗೆ ಆಡ್ತಿದೀಯ. ನನಗಿದ್ದಿದ್ದು ಒಂದೇ ಒಂದು ನೆಪ, ನೀನು. ಅದನ್ನೂ ಬಿಚ್ಚಿ ಬಿಸಾಕಿದೆ.”

“ಈಗೇನು ಮಾಡೋ‌ಣ? ಮಾವನಿಗೆ ಮಾತು ಕೊಟ್ಟಾಯ್ತಲ್ಲ.”

“ಕೊಟ್ಟೋನು ನೀನು. ನೀನು ಹೋಗು. ನಾನು ಅಂಗಡಿ ನೋಡ್ಕೋತೀನಿ.” ಸೀಟನ್ನು ಹಿಂದಕ್ಕೆ ಒರಗಿಸಿ, “ನಂಗೆ ಸೊಂಟ ನೋವು” ಎಂದಳು.

ವರ್ಷ ತಿರುಗಿತು. ಒಬ್ಬನೇ ಬಂದು, ಇದನ್ನು ನಾನು ಶಿಬಿರದಿಂದಲೇ ಬರೆಯುತ್ತಿದ್ದೇನೆ. ಇಂದಿಗೆ ಒಂಬತ್ತನೆಯ ದಿನ, ಇನ್ನು ಹನ್ನೆರಡು ಬಾಕಿ. ಮಾವ ಬೆಳಿಗ್ಗೆ ಆರಕ್ಕೇ ಗುಂಡಿನಾಟಕ್ಕೆ ಹೋಗುತ್ತಾರೆ. ಮಗಳಿಲ್ಲದ ಕೊರತೆಯನ್ನು ಅತ್ತೆ ನನ್ನಿಂದ ತುಂಬಿಕೊಳ್ಳುತ್ತಾರೆ. ಸಮುದ್ರ ಇಲ್ಲಿಂದ ನೂರು ಹೆಜ್ಜೆ. ಅಲೆಯ ಸದ್ದು ಕೇಳಿಸುತ್ತದೆ.

ನಿನ್ನೆ ಬೆಳಿಗ್ಗೆ ತಡೆಯಲಾರದೆ, ಊರಿನ ಹೋಟೆಲಿಗೆ ಹೋಗಿ ಒಂದು ಕಪ್ ಕಾಫಿಯನ್ನಾದರೂ ನೆಮ್ಮದಿಯಾಗಿ ಕುಡಿದು ಬರೋಣವೆಂದು ನಿರ್ಧರಿಸಿದೆ. ಅತ್ತೆ ಬೆನ್ನು ತಿರುಗಿಸಿದ್ದಾಗ ಸದ್ದಿಲ್ಲದೆ ಗಾಲಿಮನೆಗೆ ಹೋಗಿ ಪ್ಯಾಂಟು ಹಾಕಿಕೊಂಡು, ಅಂಗಿ ತೊಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ಗೇಟಿನ ಕಡೆ ನಡೆದೆ. ಹತ್ತು ಹೆಜ್ಜೆ ಹೋಗಿರಲಿಲ್ಲ. ಬಟಾಣಿ ಬಿಡಿಸುತ್ತಿದ್ದ ಹೆಂಗಸರು ತಲೆಯೆತ್ತಿದರು. ಪೇಪರು ಓದುತ್ತಿದ್ದ ಅಜ್ಜ ಪೇಪರು ಮಡಿಸಿದ. ಗೇಟಿನಲ್ಲಿ ಲೋಥಾರ್ ಸೀಟಿ ಊದಿದ.

“ಗೀಜೆಲಾ, ನಿನ್ನ ಅಳಿಯ ಪ್ಯಾಂಟು ಹಾಕ್ಕೊಂಡಿದಾನೆ” ಎಂದು ಯಾರೋ ಕೂಗಿದರು.

ಅತ್ತೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಬಟ್ಟೆ ಹಾಕ್ಕೊಂಡು ಎಲ್ಲಿಗೆ ಹೊರಟೆ ಕೊರ್ಬಿ? ಇನ್ನೂ ಅರ್ಧ ಬಕೆಟ್ ಆಲೂಗಡ್ಡೆ ಇದೆ.”

ಬತ್ತಲೆಯಾಗಿದ್ದರೆ ನಾನಿಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪಿಸಿಕೊಂಡು ಓಡಬೇಕೆಂದರೆ ಪ್ಯಾಂಟು ಹಾಕಲೇಬೇಕು, ಹಾಕಿದ ಕೂಡಲೇ ಓಡುತ್ತಿದ್ದೇನೆ ಎಂದು ಇಡೀ ಶಿಬಿರಕ್ಕೆ ಗೊತ್ತಾಗುತ್ತದೆ. ಗಾಲಿಮನೆಗೆ ಹಿಂತಿರುಗಿ, ಪ್ಯಾಂಟು ಬಿಚ್ಚಿ ಮಡಿಸಿಟ್ಟು, ಏಪ್ರನ್ ಕಟ್ಟಿಕೊಂಡು, ಟವೆಲ್ ಹಾಸಿ ಕೂತೆ. ಅತ್ತೆ ನಾನು ಸುಲಿದ ಮೊದಲ ಸಿಪ್ಪೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

“ಮಾರಿಟ್ ಸಿಪ್ಪೇನೇ ವಾಸಿ” ಎಂದರು.